ಬನ್ನಪ್ಪ ಕರೆದಾಗ ಅಮ್ಮ ನೀರು ಕುಡಿದದ್ದು

ನಾನು ಚಿಕ್ಕವನಿದ್ದಾಗ ಒಂದು ನಾಯಿಮರಿ ನಮ್ಮ ಮನೆಯ ನಾಲ್ಕೂ ಜನರನ್ನು ಹತ್ತೇ ದಿನದಲ್ಲಿ ಪಳಗಿಸಿಬಿಟ್ಟಿತ್ತು. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ಬೇರೆಯವರ ಮನೆಯಲ್ಲಿ ಜನ ನಾಯಿಯನ್ನು ಪಳಗಿಸುತ್ತಾರೆ, ನಮ್ಮ ಮನೆಯಲ್ಲಿ ಎಲ್ಲ ಉಲ್ಟಾ.

ಅದಕ್ಕೂ ಮೊದಲು ಒಂದು ಮಾತು. ತಲೆಕೂದಲು ಇನ್ನೂ ಕಪ್ಪಗಿದೆ, ನೀನೆಂಥ ತಾತ ಎಂದು ನೀವಿಬ್ಬರೂ ನನ್ನನ್ನು ಆಡಿಕೊಳ್ಳುತ್ತೀರಲ್ಲ, ಅದಕ್ಕೆ ನಾನು ಹೊಣೆಯಲ್ಲ. ನಿಮ್ಮ ಅಜ್ಜಿ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವಳು. ಅವಳಿಗೂ ಬೇಗ ಮದುವೆಯಾಯಿತು, ನಿಮ್ಮ ಅಮ್ಮನಿಗೂ ಬೇಗ ಆಯಿತು, ನಾನು ನಲವತ್ತು ದಾಟುವಷ್ಟರಲ್ಲಿ ತಾತನಾಗಿ ಕೂತೆ. ಹಾಗಾಗಿ ಈ ಕತೆಯಲ್ಲಿ ಬರುವ ಅಕ್ಕ ಅಂದರೆ ನಿಮ್ಮ ಅಜ್ಜಿಯೇ. ಆಗ ಅವಳಿಗೆ ಎರಡು ಜಡೆ, ಕೈಯಲ್ಲಿ ಬಸ್ ಪಾಸು, ದಿನಾ ಹಾಸನದ ಕಾಲೇಜಿಗೆ ಓಡಾಟ. ಅವಳ ಮುಂದೆ ಇದನ್ನೆಲ್ಲ ಹೇಳಿದರೆ ನನಗೆ ಬೈಗುಳ ಗ್ಯಾರಂಟಿ.

ನಾವಿದ್ದದ್ದು ಹೊಳೆನರಸೀಪುರದಲ್ಲಿ, ಬಾಡಿಗೆ ಮನೆಯಲ್ಲಿ. ಅಪ್ಪ ಅರಕಲಗೂಡಿನ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದರು, ಮೊದಲ ಬಸ್ಸಿಗೇ ಹೊರಡುತ್ತಿದ್ದರು. ಅಮ್ಮ ಹಳೇಕೋಟೆ ಕಡೆಯ ಒಂದು ಶಾಲೆಯಲ್ಲಿ ಮೇಡಂ. ನಾನು ನಾಲ್ಕನೇ ಕ್ಲಾಸು. ಮನೆಯ ಮುಂದಿನ ಭಾಗದಲ್ಲಿ ಮನೆಯೊಡತಿ ಇದ್ದರು, ನಾವೆಲ್ಲ ಅವರನ್ನು ಓನರಜ್ಜಿ ಎನ್ನುತ್ತಿದ್ದೆವು. ಹಿಂದಿನ ಎರಡು ಕೋಣೆ ಮತ್ತು ಅಡುಗೆಮನೆ ನಮ್ಮದು. ನಡುವೆ ಒಂದೇ ಗೋಡೆ. ಆಚೆ ಅವರು ಒಗ್ಗರಣೆ ಹಾಕಿದರೆ ಈಚೆ ನಮಗೆ ಸೀನು ಬರುತ್ತಿತ್ತು.

ನಾಯಿಮರಿಯನ್ನು ತಂದವಳು ಅಕ್ಕ. ಶಾಂತಿಗ್ರಾಮದಲ್ಲಿದ್ದ ಗೆಳತಿಯ ಮನೆಗೆ ಹೋದವಳು, ಹಿಂತಿರುಗುವಾಗ ಬಸ್ಸಿಗೆ ಕಾಯುತ್ತ ಟೀ ಅಂಗಡಿಯಲ್ಲಿ ಒಂದು ಬನ್ನು ತಗೊಂಡಳಂತೆ. ಬೆಂಚಿನ ಕೆಳಗಿನಿಂದ ಕಂದು ಬಣ್ಣದ ಮರಿಯೊಂದು ಬಂದು ಅವಳ ಪಾದದ ಮೇಲೆ ಕೂತಿತು. ಅರ್ಧ ಬನ್ನು ತಿಂದು, ಉಳಿದರ್ಧಕ್ಕೂ ಬಾಯಿ ತೆರೆಯಿತು. ಅದರ ತಾಯಿ, ಜೊತೆಗೆ ಹುಟ್ಟಿದ ಎರಡು ಮರಿಗಳು ಆ ವಾರವೇ ಹೈವೇಯಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದವಂತೆ. "ಇದೂ ಇವತ್ತೋ ನಾಳೆಯೋ ಕಣಮ್ಮ" ಎಂದು ಅಂಗಡಿಯವನು ಹೇಳಿದ್ದೇ ತಡ, ಅಕ್ಕ ಅದನ್ನೆತ್ತಿ ವೈರ್ ಬುಟ್ಟಿಯೊಳಗೆ ಹಾಕಿಕೊಂಡಳು. ಬಸ್ಸಿನಲ್ಲಿ ಕಂಡಕ್ಟರ್ "ಏನಮ್ಮಾ, ಬುಟ್ಟಿ ಕುಂಯ್ ಅಂತೈತೆ?" ಎಂದು ಕೇಳಿದ್ದಕ್ಕೆ "ಹೊಸ ಚಪ್ಪಲಿ ಸಾ" ಎಂದಳಂತೆ. ನಿಮ್ಮ ಅಜ್ಜಿ ಇವತ್ತು ಸುಳ್ಳು ಹೇಳಬಾರದು ಎಂದು ನಿಮಗೆ ಬುದ್ಧಿ ಹೇಳುತ್ತಾಳಲ್ಲ, ಅದೇ ಅಜ್ಜಿ.

ನಾಯಿ ಬೇಡವೇ ಬೇಡ ಎಂದು ಕೂಗಾಡಿದ ಅಪ್ಪನೇ ಅದಕ್ಕೆ ಹೆಸರಿಟ್ಟದ್ದು. "ಏನಪ್ಪಾ ಬನ್ನಪ್ಪಾ, ನಮ್ಮನೇಲೇ ಠಿಕಾಣಿನಾ?" ಎಂದರು. ಮರಿ ಬಾಲ ಆಡಿಸಿತು. ಅಲ್ಲಿಗೆ ಅದು ಬನ್ನಪ್ಪನೇ ಆಗಿಹೋಯಿತು. ಅದರ ಕಿವಿ ಪೇಪರ್ ಅವಲಕ್ಕಿಯಷ್ಟು ತೆಳು, ಹೊಟ್ಟೆಗೆ ಮೂಗಿಟ್ಟರೆ ಹಾಲಿನ ವಾಸನೆ. ನಾನು ಹೋದಲ್ಲೆಲ್ಲ ಬರುತ್ತಿತ್ತು, ಬಚ್ಚಲಿಗೂ. ನನಗೋ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತೊಂದರೆಯೆಲ್ಲ ಬೆಳಗ್ಗೆ ಮನೆ ಖಾಲಿಯಾಗುವ ಹೊತ್ತಿಗೆ. ಮನೆ ಬಿಟ್ಟು ಹೊರಡುವವರು ಹೇಳದೆ ಹೋಗುವುದುಂಟೇ? ಅಪ್ಪ ಬಗ್ಗಿ "ಹೋಗ್ಬತ್ತೀನಿ ಕಣಪ್ಪ" ಎಂದು ಅದರ ತಲೆ ಸವರುತ್ತಿದ್ದರು. ಅಕ್ಕ ಅದನ್ನೆತ್ತಿ ಕೆನ್ನೆಗೆ ಒತ್ತಿಕೊಂಡು ಎರಡು ನಿಮಿಷ ಮುದ್ದು ಮಾಡುತ್ತಿದ್ದಳು. ನಾನು ಒಂದು ರಸ್ಕು ಕೊಟ್ಟು ಅಳಬಾರದು ಎಂದು ಆಣೆ ಹಾಕಿಸುತ್ತಿದ್ದೆ. ಕೊನೆಗೆ ಅಮ್ಮ. ಅವಳು ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಳಗಿಂದ ಶುರು. ಮೊದಲು ಕುಂಯ್, ಆಮೇಲೆ ಕೀಂಯ್, ಆಮೇಲೆ ಕುತ್ತಿಗೆ ಎತ್ತಿ ಊಳು.

ಅಮ್ಮನ ಕಾಲು ಅಲ್ಲೇ ನಿಲ್ಲುತ್ತಿತ್ತು. ಯಾಕೆಂದರೆ ನಮ್ಮಲ್ಲಿ ಹೊರಟವರನ್ನು ಹಿಂದಿನಿಂದ ಯಾರೂ ಕರೆಯಬಾರದು. ಕರೆದರೆ ಹೋದ ಕೆಲಸ ಕೆಡುತ್ತದೆ. ಅಕಸ್ಮಾತ್ ಕರೆದುಬಿಟ್ಟರೆ ಒಳಗೆ ಬಂದು, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಶಾಲೆಯಲ್ಲಿ ವಿಜ್ಞಾನದ ಪಾಠ ಮಾಡುವ ನಮ್ಮಮ್ಮ ಈ ಒಂದು ವಿಷಯದಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. "ಬಾಯಿಲ್ಲದ ಜೀವ ಹಿಂದೆ ಕರೀತು ಕಣೋ" ಎನ್ನುತ್ತ ಬೀಗ ತೆಗೆಯುವಳು, ಕುರ್ಚಿಯಲ್ಲಿ ಕೂರುವಳು, ಹಿತ್ತಾಳೆ ಲೋಟದಲ್ಲಿ ನೀರು ಕುಡಿಯುವಳು. ಅಷ್ಟೂ ಹೊತ್ತು ಬನ್ನಪ್ಪ ಅವಳ ತೊಡೆಯ ಮೇಲೆ. ಮತ್ತೆ ಹೊರಟರೆ ಮತ್ತೆ ಊಳು. ಮತ್ತೆ ಬೀಗ, ಕುರ್ಚಿ, ನೀರು. ಒಂದು ದಿನ ನಾಲ್ಕು ಲೋಟ ನೀರು ಕುಡಿದು ಹೋದಳು. ಆ ವಾರ ಎರಡು ಸಲ ಬಸ್ಸು ತಪ್ಪಿತು.

ಗೋಡೆಯ ಆಚೆ ಓನರಜ್ಜಿಯ ಮಗಳು ಬಾಣಂತಿ. ಹೆರಿಗೆಗೆಂದು ತವರಿಗೆ ಬಂದಿದ್ದವಳು, ಕೂಸಿಗೆ ಒಂದು ತಿಂಗಳು. ದಿನಾ ಬೆಳಗ್ಗೆ ಹಂಡೆಯ ಬಿಸಿನೀರಿನಲ್ಲಿ ಕೂಸಿಗೆ ಎಣ್ಣೆಸ್ನಾನ ಮಾಡಿಸಿ, ಸಾಂಬ್ರಾಣಿ ಹೊಗೆ ಹಿಡಿದು ತೊಟ್ಟಿಲಿಗೆ ಹಾಕುತ್ತಿದ್ದರು. ಆ ಘಮ ನಮ್ಮ ಅಡುಗೆಮನೆಗೂ ಬರುತ್ತಿತ್ತು. ಸರಿಯಾಗಿ ಕೂಸು ಕಣ್ಣು ಮುಚ್ಚುವ ಹೊತ್ತಿಗೆ ನಮ್ಮ ಬನ್ನಪ್ಪನ ಸಂಗೀತ. ಶುಕ್ರವಾರ ಸಂಜೆ ಓನರಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಮ್ಮ ಬಾಗಿಲಿಗೇ ಬಂದರು.

"ನೋಡಪ್ಪಾ, ಬಾಣಂತಿ ಇರೋ ಮನೇಲಿ ನಾಯಿ ಊಳಿಕ್ಕಬಾರ್ದು. ಮಗ ಬೆಚ್ಚಿಬೀಳ್ತೈತೆ. ನಾಳೆ ಒಂದಿನ ನೋಡ್ತೀನಿ. ಭಾನ್ವಾರಕ್ಕೆ ನಾಯಿ ಇಲ್ಲಿರಬಾರ್ದು ಅಷ್ಟೆಯ" ಎಂದರು. ಅಪ್ಪ ಎದುರು ಹೇಳುವಂತಿರಲಿಲ್ಲ. ತಪ್ಪು ನಮ್ಮದೇ. "ಆಯ್ತಮ್ಮ, ನಾಳೇನೂ ಹಿಂಗೇ ಆದ್ರೆ ಭಾನುವಾರ ಬೆಳಗ್ಗೆ ಬಸ್ಸಿಗೆ ತಂದ ಜಾಗಕ್ಕೇ ಬಿಟ್ಟು ಬತ್ತೀನಿ" ಎಂದುಬಿಟ್ಟರು.

ತಂದ ಜಾಗ ಅಂದರೆ ಶಾಂತಿಗ್ರಾಮ. ಆ ಬೆಂಚು, ಆ ಹೈವೇ, ಆ ಲಾರಿಗಳು. ನಾನು ಊಟ ಬಿಟ್ಟೆ. ಅಕ್ಕ ಮೂಲೆಯಲ್ಲಿ ಕೂತು ಮೂಗು ಒರೆಸಿಕೊಂಡಳು.

ಶನಿವಾರ ಬೆಳಗಿನ ಶಾಲೆ. ಎಲ್ಲರೂ ಆ ದಿನ ಬನ್ನಪ್ಪನಿಗೆ ಇನ್ನೂ ಹೆಚ್ಚು ಮುದ್ದು ಮಾಡಿದೆವು. ಒಂದು ರಸ್ಕಿನ ಬದಲು ಮೂರು ಕೊಟ್ಟೆ. ಅಕ್ಕ ಕಣ್ಣೀರು ಹಾಕಿಕೊಂಡು ಹೋದಳು. ಅಮ್ಮ ಮೂರು ಸಲ ವಾಪಸ್ ಬಂದು ನೀರು ಕುಡಿದಳು. ಕೊನೆಗೆ ನಾವಿಬ್ಬರೂ ಓಡಿದೆವು. ಬನ್ನಪ್ಪನ ಕೂಗು ರಸ್ತೆಯ ತಿರುವಿನವರೆಗೂ ಕೇಳಿಸಿತು. ಶಾಲೆಯಲ್ಲಿ ಮೇಷ್ಟ್ರು ಏನು ಹೇಳಿದರೋ, ನನ್ನ ತಲೆಗೆ ಒಂದಕ್ಷರವೂ ಹೋಗಲಿಲ್ಲ.

ಹನ್ನೊಂದೂವರೆಗೆ ಕೊರಳಲ್ಲಿ ಬೀಗದ ಕೈ ನೇತುಹಾಕಿಕೊಂಡು ಓಡಿ ಬಂದೆ. ಓನರಜ್ಜಿ ಜಗುಲಿಯ ಮೇಲೆ ಮೊರ ಹಿಡಿದು ರಾಗಿ ಕೇರುತ್ತಿದ್ದರು. ಮನೆ ತಣ್ಣಗಿತ್ತು. ನಾನು ಕಬ್ಬಿಣದ ಗೇಟು ತಳ್ಳಿದೆ, ಅದು ಕಿರ್ ಎಂದಿತು. ತಕ್ಷಣ ಒಳಗಿಂದ ಊಳು ಎದ್ದಿತು.

"ಬಂದೆ ಕಣೋ ಬನ್ನಪ್ಪಾ, ಬಂದೆ!" ಎಂದು ನಾನು ಓಡಿದೆ.

"ನಿಂತ್ಕಳ್ಳಾ ಅಲ್ಲೇ!" ಎಂದು ಅಜ್ಜಿ ಗದರಿದರು. "ಇಷ್ಟೊತ್ತೂ ಸುಮ್ಕೆ ಬಿದ್ದಿತ್ತು. ನೀನು ಬಂದಿದ್ದು ಗೊತ್ತಾಯ್ತು, ಶುರು ಅಚ್ಕಂತು. ಅದು ಅಳ್ತಿಲ್ಲ ಕಣ್ಲಾ, ನಿಮ್ಮನ್ನ ಕರೀತದೆ. ಕರೆದಾಗ್ಲೆಲ್ಲ ನಿಮ್ಮವ್ವ ಓಡ್ಬಂದು, ಎತ್ಕಂಡು ಕೂತ್ಕಂಡು ನೀರು ಕುಡೀತಾಳೆ. ಅಂಗಿದ್ಮೇಲೆ ಅದ್ಯಾಕೆ ಕರೀದೆ ಇದ್ದಾತು? ನಾನಾಗಿದ್ರೂ ಕರೀತಿದ್ದೆ."

ನನಗೆ ಸಿಟ್ಟು ಬಂತು. ಆದರೆ ಬೀಗಕ್ಕೆ ಕೈ ಹಾಕಿದವನು ಹಾಗೇ ನಿಂತೆ. ಅಜ್ಜಿ ಹೇಳಿದ್ದು ಸುಳ್ಳಲ್ಲ. ಹತ್ತು ದಿನದಲ್ಲಿ ಬನ್ನಪ್ಪನ ಕೂಗಿಗೆ ಒಮ್ಮೆಯಾದರೂ ಬಾಗಿಲು ತೆರೆಯದ ದಿನವೇ ಇರಲಿಲ್ಲ. ನಾವೇ ಅವನಿಗೆ ಊಳಿಡುವುದನ್ನು ಹೇಳಿಕೊಟ್ಟಿದ್ದೆವು, ರಸ್ಕು ಕೊಟ್ಟು, ಅಚ್ಚುಕಟ್ಟಾಗಿ.

ಮೆಟ್ಟಿಲ ಮೇಲೆ ಕೂತೆ. ಒಳಗೆ ಬನ್ನಪ್ಪ ಉಗುರಿನಲ್ಲಿ ಬಾಗಿಲು ಕೆರೆಯುತ್ತಿದ್ದ. ನನ್ನ ಕಣ್ಣಲ್ಲಿ ದಳದಳ ನೀರು. ಎಷ್ಟು ಹೊತ್ತೋ ತಿಳಿಯದು, ಉಸಿರು ತೆಗೆದುಕೊಳ್ಳಲೆಂದು ಅವನೊಮ್ಮೆ ಸುಮ್ಮನಾದ. ಆ ಒಂದು ಕ್ಷಣ ಸಿಕ್ಕಿದ್ದೇ ಬೀಗ ತೆಗೆದೆ. ಒಳಗೆ ಹೋದವನು ಅವನನ್ನು ಮಾತಾಡಿಸಲಿಲ್ಲ, ನೋಡಲೂ ಇಲ್ಲ. ಚಪ್ಪಲಿ ಬಿಟ್ಟೆ, ಕೈಕಾಲು ತೊಳೆದೆ, ಚೀಲ ಮೊಳೆಗೆ ನೇತುಹಾಕಿದೆ. ಅವನು ಕುಣಿದು ಕುಣಿದು ಸುಸ್ತಾಗಿ ಕೂತ ಮೇಲೆ ಮೆಲ್ಲಗೆ ಬೆನ್ನು ಸವರಿದೆ. ಅಯ್ಯೋ, ಅಷ್ಟು ಹೊತ್ತು ಕೈ ಕಟ್ಟಿಕೊಂಡಿರುವುದು ಎಷ್ಟು ಕಷ್ಟವಾಗಿತ್ತು ಗೊತ್ತೇ?

ಆಮೇಲೆ ನನ್ನ ಕೆಲಸ ಶುರುವಾಯಿತು. ಅಮ್ಮನ ಹಳೆಯ ನೂಲಿನ ಸೀರೆಯೊಂದನ್ನು ಮಡಿಸಿ ಅಡುಗೆಮನೆಯ ಮೂಲೆಗೆ ಹಾಸಿದೆ. ಅದರಲ್ಲಿ ಅಮ್ಮನ ವಾಸನೆ ಇತ್ತು, ಎಷ್ಟು ಒಗೆದರೂ ಹೋಗದ ಸೀಗೆಪುಡಿಯ ವಾಸನೆ. ತೆಂಗಿನ ಚಿಪ್ಪಿನ ಒಳಗೆ ಮೊಸರನ್ನ ಮೆತ್ತಿ ಅಲ್ಲಿಟ್ಟೆ. ಅವನು ನೆಕ್ಕುತ್ತಿದ್ದಾಗ ಏನೂ ಹೇಳದೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಮನೆಯಲ್ಲಿ ಕೈಗಡಿಯಾರ ಅಪ್ಪನ ಹತ್ತಿರ ಒಂದೇ. ಹೊತ್ತು ಅಳೆಯಲು ನನಗೆ ಗೊತ್ತಿದ್ದದ್ದು ಮಗ್ಗಿ. ಮೆಟ್ಟಿಲ ಮೇಲೆ ನಿಂತು ಎರಡರ ಮಗ್ಗಿ ಹೇಳಿದೆ, ಒಳಗೆ ಹೋದೆ. ಬನ್ನಪ್ಪ ಇನ್ನೂ ಚಿಪ್ಪು ನೆಕ್ಕುತ್ತಿದ್ದ, ತಲೆ ಎತ್ತಲಿಲ್ಲ. ಮತ್ತೆ ಹೊರಗೆ ಬಂದು ಮೂರರ ಮಗ್ಗಿ. ಆಮೇಲೆ ಎರಡರಿಂದ ನಾಲ್ಕರವರೆಗೆ. ನಡುನಡುವೆ ಸುಮ್ಮನೆ ಬೀಗದ ಕೈ ಝಣಝಣ ಆಡಿಸಿ ಎಲ್ಲಿಗೂ ಹೋಗದೆ ಕೂತುಬಿಡುತ್ತಿದ್ದೆ. ಅವನು ಕಿವಿ ನಿಮಿರಿಸಿ, ಇದೇನು ಇವನಿಗೆ ಬಂದಿರುವುದು ಎನ್ನುವಂತೆ ನೋಡಿ ಮತ್ತೆ ಮಲಗುತ್ತಿದ್ದ.

ಐದರ ಮಗ್ಗಿಯಲ್ಲಿ ಒಂದು ಸಲ ಕೂಗಿದ. ಅವನು ಸುಮ್ಮನಾಗುವ ತನಕ ನಾನು ಆರರದ್ದನ್ನೂ ಹೇಳಿದೆ. ಏಳರ ಮಗ್ಗಿಗೆ ಬಂದಾಗ ನಾನೇ ಸಿಕ್ಕಿಹಾಕಿಕೊಂಡೆ. "ಏಳೆಂಟ್ಲಿ... ಏಳೆಂಟ್ಲಿ..." ಎಂದು ತಲೆ ಕೆರೆಯುತ್ತ ನಿಂತೆ. ಆಚೆ ಕೋಣೆಯಿಂದ ಬಾಣಂತಿಯಕ್ಕನ ದನಿ ಬಂತು: "ಐವತ್ತಾರು ಕಣೋ! ಬೇಗ ಮುಗ್ಸು, ಮಗ ಮಲ್ಗೈತೆ." ಓನರಜ್ಜಿ ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾಯಿ ಕಲೀತದೋ ಇಲ್ವೋ, ಇವನ್ಗಂತೂ ಮಗ್ಗಿ ಬಂತು ಕಣೆ" ಎಂದು ಮಗಳಿಗೆ ಕೂಗಿ ಹೇಳಿದರು.

ಒಂದು ಗಂಟೆಗೆ ಅಮ್ಮ ಬಂದಳು. ಗೇಟಿನಲ್ಲೇ ತಡೆದು, ಬಂದ ಕೂಡಲೇ ಅವನನ್ನು ಎತ್ತಿಕೊಳ್ಳಬೇಡ ಎಂದು ಬೇಡಿಕೊಂಡೆ. "ಹಂಗಂದ್ರೇನೋ, ಅದಕ್ಕೆ ಬೇಜಾರಾಗಲ್ವಾ?" ಎಂದಳು. ಎತ್ತಿಕೊಳ್ಳಲಿಲ್ಲ, ಆದರೆ "ಕಂದಾ" ಎಂದು ಒಂದು ಸಲ ಪಿಸುಗುಟ್ಟಿದಳು. ಅಕ್ಕ, ಆಮೇಲೆ ಅಪ್ಪ ಬಂದರು. ಎಲ್ಲರಿಗೂ ಅಜ್ಜಿಯ ಮಾತನ್ನೂ ನನ್ನ ಮಗ್ಗಿಯನ್ನೂ ವರದಿ ಒಪ್ಪಿಸಿದೆ. ಅಪ್ಪ ನೇರ ಓನರಜ್ಜಿಯ ಹತ್ತಿರ ಹೋದರು. "ಸಂಜೆ ನಾವು ನಾಲ್ಕೂ ಜನ ಒಂದು ಗಂಟೆ ಹೊರಗೆ ಹೋಗ್ತೀವಮ್ಮ. ನೀವೇ ಕೂತು ಕೇಳಿ. ಊಳಿಟ್ರೆ ನಾಳೆ ಕರ್ಕೊಂಡು ಹೋಗ್ತೀನಿ, ಎರಡನೇ ಮಾತಿಲ್ಲ." ಅಜ್ಜಿ ತಲೆಯಾಡಿಸಿದರು.

ಐದು ಗಂಟೆಗೆ ಹೊರಟೆವು. ಯಾರೂ ಬನ್ನಪ್ಪನಿಗೆ ಹೇಳಲಿಲ್ಲ, ಯಾರೂ ಮುಟ್ಟಲಿಲ್ಲ. ಮೊಸರನ್ನದ ಚಿಪ್ಪು ಇಟ್ಟು ಒಬ್ಬರ ಹಿಂದೊಬ್ಬರು ಕಳ್ಳರ ಹಾಗೆ ಹೊರಗೆ ಬಂದೆವು. ಅಮ್ಮನ ಮುಖ ನೋಡಬೇಕಿತ್ತು, ಹೇಳದೆ ಹೊರಟದ್ದಕ್ಕೆ ಅರ್ಧ ಜೀವ ಹೋದಂತಿದ್ದಳು. ಗೇಟು ದಾಟಿ ಇಪ್ಪತ್ತು ಹೆಜ್ಜೆ ಹೋಗಿರಬೇಕು.

ಕುಂಯ್ ಎಂದ.

ಅಮ್ಮ ಗಕ್ಕನೆ ನಿಂತಳು. "ಕರೀತಿದೆ ಕಣ್ರೀ."

"ಕರೀಲಿ ಬಿಡೇ, ನಡಿ" ಎಂದರು ಅಪ್ಪ.

"ಹಿಂದೆ ಕರೆದ್ಮೇಲೆ ಹೆಂಗ್ರೀ ಹೋಗೋದು? ಒಂದು ಗಳಿಗೆ ಹೋಗಿ ಕೂತು ಬಂದ್ಬಿಡ್ತೀನಿ."

ನಾನು ಅಡ್ಡ ಬಂದೆ. ಅಮ್ಮನ ಸೆರಗು ಹಿಡಿದುಕೊಂಡೆ. "ಬೇಡಮ್ಮ! ನೀನು ಹೋದ್ರೆ ಅವನು ಇನ್ನೂ ಕೂಗ್ತಾನೆ. ನಾಳೆ ಅವನನ್ನ ಲಾರಿ ರಸ್ತೇಲಿ ಬಿಟ್ಟು ಬರ್ತಾರಮ್ಮ" ಎಂದು ನಡುಬೀದಿಯಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಹಿಂದಿನಿಂದ ಮತ್ತೊಂದು ಕೂಗು ಬಂತು, ಮೊದಲಿನದಕ್ಕಿಂತ ಜೋರಾಗಿ. ಅಮ್ಮ ಒಮ್ಮೆ ಮನೆ ಕಡೆ ನೋಡಿದಳು, ಒಮ್ಮೆ ನನ್ನ ಕಡೆ. ಬನ್ನಪ್ಪನನ್ನು ಬಿಟ್ಟು ನಡೆಯಲೂ ಅವಳಿಗೆ ಆಗದು, ಶಾಸ್ತ್ರ ಬಿಡಲೂ ಆಗದು.

ನಮ್ಮ ಬೀದಿಯ ಕೊನೆಯಲ್ಲಿ ನಲ್ಲಿ ಇತ್ತು, ಪಕ್ಕದಲ್ಲಿ ಬಿಂದಿಗೆ ಇಡುವ ಕಟ್ಟೆ. ಅಮ್ಮ ದಡದಡ ಅಲ್ಲಿಗೆ ನಡೆದಳು. ಸೀರೆಯ ನೆರಿಗೆ ಎತ್ತಿಕೊಂಡು ಆ ಒದ್ದೆ ಕಟ್ಟೆಯ ಮೇಲೆ ಕೂತೇಬಿಟ್ಟಳು, ಶಾಲೆಯ ಮೇಡಂ, ನಡುಬೀದಿಯಲ್ಲಿ! ನೀರು ಹಿಡಿಯಲು ನಿಂತಿದ್ದ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದರು. ಅಮ್ಮ ನಲ್ಲಿ ತಿರುಗಿಸಿ ಬೊಗಸೆಯಲ್ಲಿ ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಎದ್ದಳು. "ಕೂತಿದ್ದಾಯ್ತು, ನೀರು ಕುಡಿದಿದ್ದಾಯ್ತು. ಮನೇಲೇ ಕೂತ್ಕೋಬೇಕು ಅಂತ ಯಾರೂ ಹೇಳಿಲ್ಲ. ನಡೀರಿ ಈಗ" ಎಂದಳು. ಅಪ್ಪ ಮೀಸೆಯೊಳಗೇ ನಕ್ಕರು. ಅಕ್ಕ ಅಮ್ಮನ ತೋಳು ತಬ್ಬಿಕೊಂಡಳು. ಅಮ್ಮ ಹಿಂತಿರುಗಿ ನೋಡದೆ ನಡೆದಳು. ಅವಳ ಕಣ್ಣೂ ಒದ್ದೆಯಾಗಿದ್ದನ್ನು ನಾನು ನೋಡಿದೆ.

ಪೇಟೆಯಲ್ಲಿ ಅಪ್ಪ ಮಂಡಕ್ಕಿ ಕೊಡಿಸಿದರು. ಈರುಳ್ಳಿ, ನಿಂಬೆಹುಳಿ, ಹುರಿಗಡಲೆ ಎಲ್ಲ ಇದ್ದರೂ ನನಗೆ ಮಣ್ಣು ತಿಂದಂತಾಯಿತು. ನಾಲ್ಕು ಹೆಜ್ಜೆಗೊಮ್ಮೆ ಅಪ್ಪನ ಕೈಗಡಿಯಾರ ನೋಡುತ್ತಿದ್ದೆ. ಆ ಮುಳ್ಳು ಅಷ್ಟು ನಿಧಾನವಾಗಿ ನಡೆದದ್ದನ್ನು ನಾನು ಮತ್ತೆಂದೂ ಕಂಡಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹಿಂತಿರುಗಿದೆವು. ಗೇಟು ಕಿರ್ ಎನ್ನದ ಹಾಗೆ ಅಪ್ಪ ಅದನ್ನು ಎತ್ತಿ ತೆಗೆದರು. ಜಗುಲಿಯ ಮೇಲೆ ಓನರಜ್ಜಿ, ತೊಡೆಯ ಮೇಲೆ ಕೂಸು. ನಮ್ಮನ್ನು ಕಂಡದ್ದೇ ತುಟಿಯ ಮೇಲೆ ಬೆರಳಿಟ್ಟರು. ನಾನು ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ.

"ನೀವು ಓದ್ಮೇಲೆ ನಾಕ್ ಸಲ ಕೂಗ್ತು" ಎಂದರು ಪಿಸುದನಿಯಲ್ಲಿ. "ಆಮೇಲೆ ಚಿಪ್ಪು ಉಳ್ಳಾಡ್ಸೋ ಸದ್ದು. ಈಗ ಅದೂ ಇಲ್ಲ. ಬದುಕೈತೋ ಇಲ್ವೋ ನೋಡೋಗ್ಲಾ."

ಬೀಗ ತೆಗೆದೆ. ಬನ್ನಪ್ಪ ಅಮ್ಮನ ಸೀರೆಯ ಮೇಲೆ ಅಂಗಾತ ಮಲಗಿದ್ದ. ಒಂದು ಕಾಲು ಗೋಡೆಗೆ, ಮೂಗಿನ ತುದಿಗೆ ಒಂದು ಅನ್ನದ ಅಗಳು. ಬಾಗಿಲ ಸದ್ದಿಗೆ ಅರೆಗಣ್ಣು ತೆರೆದು, ಬಾಲವನ್ನು ಎರಡು ಸಲ ನೆಲಕ್ಕೆ ಬಡಿದು ಮತ್ತೆ ಕಣ್ಣು ಮುಚ್ಚಿದ. ನಾನು ಹೊಸಿಲ ಮೇಲೆ ಕೂತು ಮತ್ತೆ ಅತ್ತೆ, ಈ ಸಲ ಸಂತೋಷಕ್ಕೆ. ಓನರಜ್ಜಿ ಬಾಗಿಲಲ್ಲಿ ಇಣುಕಿ "ಇರ್ಲಿ ಬಿಡಿ ಅತ್ಲಾಗೆ. ಇದುಕ್ಕಿಂತ ಈ ಹೈದನೇ ಜೋರಾಗಿ ಅಳ್ತಾನೆ" ಎಂದರು. ಅವರ ಬಾಯಿಂದ ಅದಕ್ಕಿಂತ ಒಳ್ಳೆಯ ಮಾತು ನಾನು ಕೇಳಿಲ್ಲ. ಭಾನುವಾರ ಬೆಳಗ್ಗೆ ಶಾಂತಿಗ್ರಾಮಕ್ಕೆ ಯಾರೂ ಹೋಗಲಿಲ್ಲ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮುಂದಿನ ವಾರವೂ ಕೂಗಿದ, ಅದರ ಮುಂದಿನ ವಾರ ಕಡಿಮೆ ಕೂಗಿದ. ತಿಂಗಳು ಕಳೆಯುವಷ್ಟರಲ್ಲಿ ನಾವು ಹೊರಟರೆ ತಾನೇ ಹೋಗಿ ಸೀರೆಯ ಮೇಲೆ ಮಲಗುತ್ತಿದ್ದ. ಅವನು ನಮ್ಮ ಜೊತೆ ಹದಿಮೂರು ವರ್ಷ ಬಾಳಿದ. ಅಕ್ಕನ ಮದುವೆಯಾಗಿ, ನಿಮ್ಮ ಅಮ್ಮ ಹುಟ್ಟಿ, ಅವಳು ನಡೆಯಲು ಕಲಿತದ್ದೇ ಅವನ ಬೆನ್ನು ಹಿಡಿದುಕೊಂಡು.

ಈಗ ಹಾಸನದ ನಿಮ್ಮ ಮನೆ ನೋಡಿ. ಮೂರನೇ ಮಹಡಿ, ಹೋಗಿ ಬರಲು ಲಿಫ್ಟು. ಹೋದ ತಿಂಗಳು ನೀವು ತಂದ ಮರಿಗೆ ಮೆತ್ತನೆಯ ಹಾಸಿಗೆ, ಒತ್ತಿದರೆ ಕೀಚ್ ಎನ್ನುವ ಆಟಿಕೆ, ಗೋಡೆಯ ಮೂಲೆಯಲ್ಲಿ ನಿಮ್ಮ ದನಿಯನ್ನೂ ಕೇಳಿಸುವ ಕ್ಯಾಮೆರಾ. ನಮ್ಮ ಮನೆಗೆ ಬಂದಾಗಲೂ ನಿಮ್ಮ ಕಣ್ಣು ಮೊಬೈಲಿನ ಮೇಲೆ. ಅದು ಕುಂಯ್ ಎಂದರೆ ಇಲ್ಲಿಂದಲೇ "ಬಂದ್ವಿ ಚಿನ್ನಾ" ಎನ್ನುತ್ತೀರಿ. ಪಾಪ, ಅದು ಆ ಡಬ್ಬಿಯ ಕೆಳಗೆ ನಿಂತು ನಿಮ್ಮನ್ನು ಹುಡುಕಿ ಮತ್ತೆ ಅಳುತ್ತದೆ, ನೀವೂ ಅಳುತ್ತೀರಿ.

ನಾನು ಬೈಯುತ್ತಿಲ್ಲ. ಆ ಶನಿವಾರ ನನ್ನ ಕೈಯಲ್ಲಿ ಅಂಥ ಮೊಬೈಲೊಂದು ಇದ್ದಿದ್ದರೆ ನಾನೂ ಕಣ್ಣು ಕೀಳುತ್ತಿರಲಿಲ್ಲ, ನನ್ನ ಮುಖ ನೋಡಿ ಅಮ್ಮ ಪೇಟೆಯಿಂದಲೇ ವಾಪಸ್ ಓಡುತ್ತಿದ್ದಳು, ಬನ್ನಪ್ಪ ಮರುದಿನ ಬಸ್ಸು ಹತ್ತುತ್ತಿದ್ದ. ನಿಮಗೆ ಎಲ್ಲ ಕಾಣುತ್ತದೆ, ನಮಗೆ ಏನೂ ಕಾಣುತ್ತಿರಲಿಲ್ಲ. ಆ ಹದಿಮೂರು ವರ್ಷ ನಾವಿಲ್ಲದಾಗ ಬನ್ನಪ್ಪ ಏನು ಮಾಡುತ್ತಿದ್ದ ಎಂದು ನಮ್ಮಲ್ಲಿ ಯಾರೂ ಒಂದು ದಿನವೂ ನೋಡಲಿಲ್ಲ. ಆದರೂ ಬೀಗ ತೆಗೆದಾಗಲೆಲ್ಲ ಅವನು ಅಲ್ಲೇ ಇದ್ದ, ಬಾಲ ಆಡಿಸುತ್ತ.